ಅಜ್ಜನ ಕಾನ್‌ಸ್ಟಲೇಷನ್: ಬಿಚ್ಚುವ ಮೊದಲು ನೋಡಿದ್ದು, ಬಿಚ್ಚಿದ ಮೇಲೆ ಕಂಡದ್ದು

“ಹೊಸದರ ಹಾಗೆ ಮಾಡಿಕೊಡಿ.” ಹಳೇ ವಾಚುಗಳಿಗೆ ಬಿದ್ದ ಪೆಟ್ಟು, ನೀರು, ತುಕ್ಕು ಮಾಡುವ ಹಾನಿಗಿಂತ ಹೆಚ್ಚಿನ ಹಾನಿ ಈ ಒಂದು ಮಾತಿನಿಂದ ಆಗಿದೆ. ಉಡುಪಿ ಕಡೆಯ ಮನೆಯೊಂದರ ಕಪಾಟಿನಿಂದ ನಮ್ಮ ರಿಪೇರಿ ಬೆಂಚಿಗೆ ಬಂದ, ಸ್ವಿಸ್ ಕಂಪನಿ ಒಮೆಗಾದ ಕಾನ್‌ಸ್ಟಲೇಷನ್ ಜೊತೆಗೂ ಅದೇ ಬೇಡಿಕೆ ಬಂತು. ಸ್ಟೀಲ್ ಕೇಸು, ಮೂರು ಗಂಟೆಯ ಜಾಗದಲ್ಲಿ ತಾರೀಖಿನ ಕಿಟಕಿ, ಹನ್ನೆರಡು ಮುಖಗಳಾಗಿ ಅಂಚಿಗೆ ಇಳಿಯುವ ಡಯಲ್. ಈ ಡಯಲ್ಲಿಗೆ ಸಂಗ್ರಾಹಕರು ‘ಪೈ ಪ್ಯಾನ್’ ಅನ್ನುತ್ತಾರೆ. ಮನೆಯವರ ಪ್ರಕಾರ ಇದು ಅಜ್ಜ 1959ರಲ್ಲಿ ಏಡನ್‌ನಲ್ಲಿ (ಇಂದಿನ ಯೆಮನ್‌ನ ಬಂದರು) ಕೊಂಡು ಮದುವೆಗೆ ಕಟ್ಟಿಕೊಂಡ ವಾಚು.

ನಮ್ಮೆದುರು ಎರಡು ಕೆಲಸವಿತ್ತು. ವಾಚನ್ನು ಓಡಿಸಬೇಕು, ಮನೆಯ ಮಾತಿನಲ್ಲಿ ಎಷ್ಟು ನಿಲ್ಲುತ್ತದೆ ಎಂದು ನೋಡಬೇಕು. ಯಾವುದು ಮೊದಲು ಅನ್ನುವುದು ಮುಖ್ಯ. ಸರ್ವೀಸ್, ಪಾಲಿಶ್, ಹೊಸ ಗಾಜು ಎಲ್ಲ ಆದ ಮೇಲೆ ಇತಿಹಾಸ ಹುಡುಕಲು ಕೂತರೆ ಸಾಕ್ಷಿಯ ಅರ್ಧಭಾಗ ಕಸದ ಬುಟ್ಟಿ ಸೇರಿರುತ್ತದೆ.

ಆದ್ದರಿಂದ ಮೊದಲ ನಿಯಮ, ಚಾವಿ ಕೊಡಬೇಡಿ. ಕಪಾಟಿನಿಂದ ತೆಗೆದವರು ಮಾಡುವ ಮೊದಲ ಕೆಲಸವೇ ಕಿವಿಗೆ ಹಿಡಿದು ಅಲ್ಲಾಡಿಸುವುದು, ಆಮೇಲೆ ಚಾವಿ ತಿರುಗಿಸುವುದು. ವರ್ಷಗಟ್ಟಲೆ ನಿಂತ ಮೆಷಿನಿನಲ್ಲಿ ಎಣ್ಣೆ ಒಣಗಿ ಅಂಟಾಗಿರುತ್ತದೆ, ಇಲ್ಲವೇ ಚಕ್ರದ ಅಚ್ಚು ಕೂರುವ ಕಲ್ಲಿನಿಂದ (ಜ್ಯುವೆಲ್) ಆಚೆ ಹರಡಿಹೋಗಿರುತ್ತದೆ. ಎಣ್ಣೆ ಇಲ್ಲದ ಪಿವಟ್ (ಅಚ್ಚಿನ ಸೂಜಿಯಂಥ ತುದಿ) ಓಡತೊಡಗಿದರೆ ಅದೇ ಉದುರಿಸಿದ ಪುಡಿ ಅದನ್ನೇ ಅರೆಯುತ್ತದೆ. ಹೇಗೋ ಓಡುತ್ತಿದೆ ಎಂದು ತಿಂಗಳುಗಟ್ಟಲೆ ಕಟ್ಟಿಕೊಂಡ ವಾಚಿಗಿಂತ ನಿಂತೇ ಇದ್ದ ವಾಚು ಎಷ್ಟೋ ಮೇಲು.

ಎರಡನೆಯದು ಫೋಟೊ. ಎದುರಿನಿಂದ ತೆಗೆದದ್ದು ಸಾಲದು. ಒಂದೇ ದೀಪವನ್ನು ಪಕ್ಕದಿಂದ ತೀರಾ ಓರೆಯಾಗಿ ಬಿಟ್ಟು ಡಯಲ್, ನಾಲ್ಕೂ ಲಗ್ (ಪಟ್ಟಿ ಕೂರುವ ಕೊಂಬುಗಳು), ಹಿಂಬದಿ ಬೇರೆಬೇರೆಯಾಗಿ ತೆಗೆಯಬೇಕು. ಓರೆ ಬೆಳಕಿನಲ್ಲಿ ಪಾಲಿಶ್ ಮಾಡಿದ ಕೇಸು ತಕ್ಷಣ ಸಿಕ್ಕಿಬೀಳುತ್ತದೆ. ಈ ಮಾದರಿಯ ಲಗ್‌ಗಳು ಮಧ್ಯದಲ್ಲಿ ಮುರಿದು ಕೆಳಗಿಳಿಯುತ್ತವೆ. ಆ ಮುರಿವಿನ ಗೆರೆ ಬೆರಳಿಗೆ ಚೂಪಾಗಿ ತಾಗಬೇಕು. ಬಫಿಂಗ್ ಚಕ್ರಕ್ಕೆ ಕೊಟ್ಟಿದ್ದರೆ ಗೆರೆ ಕರಗಿ ಲಗ್ ದುಂಡಗಾಗಿರುತ್ತದೆ, ಪಟ್ಟಿಯ ಪಿನ್ನಿನ ತೂತು ಅಂಚಿಗೆ ಹತ್ತಿರ ಬಂದಿರುತ್ತದೆ. ಹಿಂಬದಿಯಲ್ಲಿ ಜಿನೀವಾ ವೀಕ್ಷಣಾಲಯದ ಗುಮ್ಮಟ, ಅದರ ಮೇಲೆ ಎಂಟು ನಕ್ಷತ್ರಗಳ ಪದಕವಿದೆ. ಚರ್ಮದ ಉಜ್ಜಾಟಕ್ಕೆ ಅದು ಸವೆಯುವುದು ಸಹಜ. ಆದರೆ ಲಗ್ ಚೂಪಾಗಿದ್ದು ಪದಕ ಮಾತ್ರ ಸವೆದಿದ್ದರೆ ಅದು ಕಟ್ಟಿಕೊಂಡು ಸವೆಸಿದ್ದು. ಎರಡೂ ನುಣ್ಣಗಾಗಿದ್ದರೆ ಚಕ್ರದ ಕೆಲಸ. ನಮ್ಮ ವಾಚಿನಲ್ಲಿ ಲಗ್ ಚೂಪಾಗಿತ್ತು, ಗುಮ್ಮಟದ ತುದಿ ಮಾತ್ರ ಸವೆದಿತ್ತು. ಲಗ್ ಮತ್ತು ಕೇಸಿನ ಸಂದಿಯಲ್ಲಿ ಕೆಂಪಗೆ ಗಟ್ಟಿಯಾಗಿದ್ದದ್ದನ್ನು ಮನೆಯವರು ತುಕ್ಕು ಎಂದುಕೊಂಡಿದ್ದರು. ಅದು ಆಯುಧಪೂಜೆಯ ಕುಂಕುಮ. ಮರದ ಹಲ್ಲುಕಡ್ಡಿಗೆ ಬಂತು. ನೀರಿನಲ್ಲಿ ಕಲಸಿದ ಕುಂಕುಮವನ್ನು ವಾಚಿಗೆ ಹಚ್ಚುವವರು ದಯವಿಟ್ಟು ಡಬ್ಬಿಗೆ ಹಚ್ಚಿ.

ಡಯಲ್ ವಿಷಯಕ್ಕೆ ಬಂದರೆ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ವಾಚಿನ ಬೆಲೆಯ ದೊಡ್ಡ ಪಾಲು ಇಲ್ಲೇ ಇದೆ. ನಮ್ಮ ದೇಶದಲ್ಲಿ ಹಳೇ ಡಯಲ್ ಸ್ವಲ್ಪ ಮಂಕಾದರೆ ಬಣ್ಣ ಕೆರೆದು ಹೊಸದಾಗಿ ಬಳಿದು ಅಕ್ಷರ ಅಚ್ಚು ಹಾಕಿಸುವುದು ದಶಕಗಳಿಂದ ನಡೆದುಬಂದಿದೆ. ಹೊರದೇಶದ ಸಂಗ್ರಾಹಕರು ಇಂಥವಕ್ಕೆ ‘ಬಾಂಬೆ’ ಹೆಸರಿಟ್ಟು ದೂರವಿಡುತ್ತಾರೆ. ಪೈ ಪ್ಯಾನ್ ಡಯಲ್ಲಿನಲ್ಲಿ ಇದನ್ನು ಹಿಡಿಯುವುದು ಸುಲಭ. ಹಳೇ ಬಣ್ಣ ತೆಗೆಯಲು ಉಜ್ಜಿದಾಗ ಹನ್ನೆರಡು ಮುಖಗಳ ನಡುವಿನ ಏಣುಗಳು ಮೊಂಡಾಗುತ್ತವೆ, ಹೊಸ ಬಣ್ಣ ದಪ್ಪಗೆ ಕೂತು ಉಳಿದದ್ದನ್ನೂ ಮುಚ್ಚುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಕಣ್ಣಿಗೆ ಹಿಡಿಯುವ ಭೂತಗನ್ನಡಿ) ಹಿಡಿದು ಗಂಟೆಯ ಗುರುತುಗಳ ಬುಡ ನೋಡಿ. ಬಣ್ಣ ಬುಡದಲ್ಲಿ ಒಟ್ಟುಗೂಡಿದ್ದರೆ, ನಿಮಿಷದ ಗೆರೆಗಳು ಗುರುತಿನ ನಡುಮಧ್ಯಕ್ಕೆ ಬರದೆ ಪಕ್ಕಕ್ಕೆ ಸರಿದಿದ್ದರೆ, ಅಕ್ಷರಗಳ ತುದಿ ಊದಿಕೊಂಡಿದ್ದರೆ, ಆರು ಗಂಟೆಯ ಕೆಳಗೆ ‘ಸ್ವಿಸ್ ಮೇಡ್’ ಇಲ್ಲದೇ ಇದ್ದರೆ ಅದು ಮರುಬಳಿದದ್ದು.

ಇನ್ನೊಂದು ಗುರುತು ಹೊಳೆಯುವ ಬಣ್ಣದ್ದು. ‘ಸ್ವಿಸ್ ಮೇಡ್’ ಪದದ ಎರಡೂ ಬದಿಗೆ ಟಿ ಅಕ್ಷರವಿದ್ದರೆ ಟ್ರಿಟಿಯಂ ಇದೆ ಎಂದರ್ಥ. ಅದರ ಅರ್ಧಾಯು 12.3 ವರ್ಷ, ಹಾಗಾಗಿ ಅರವತ್ತರ ದಶಕದ ಟ್ರಿಟಿಯಂ ಇವತ್ತು ಕತ್ತಲಲ್ಲಿ ಹೊಳೆಯಬಾರದು. ಹೊಳೆದರೆ ಆಮೇಲೆ ಹಚ್ಚಿದ್ದು. ಅದಕ್ಕಿಂತ ಹಳೆಯ ವಾಚುಗಳಲ್ಲಿ ರೇಡಿಯಂ ಇರುತ್ತಿತ್ತು. ಅದರ ಅರ್ಧಾಯು 1,600 ವರ್ಷ. ಹೊಳಪು ಸತ್ತರೂ ವಿಕಿರಣ ಸಾಯುವುದಿಲ್ಲ, ಅಂಥ ಡಯಲ್ ಅನ್ನು ಮನೆಯಲ್ಲಿ ಕೆರೆಯಲೇಬಾರದು. ನಮ್ಮ ಡಯಲ್ಲಿನಲ್ಲಿ ಟಿ ಇರಲಿಲ್ಲ, ಮುಳ್ಳುಗಳಲ್ಲೂ ಹೊಳೆಯುವ ಬಣ್ಣವಿರಲಿಲ್ಲ, ನಡುವೆ ಕಪ್ಪು ಗೆರೆ ಮಾತ್ರ. ಹೀಗೆ ಎರಡೂ ಹೊಂದಬೇಕು. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಯಾರೋ ಮುಳ್ಳು ಬದಲಿಸಿದ್ದಾರೆ. ನಾಲ್ಕರಿಂದ ಐದರ ನಡುವೆ ಲ್ಯಾಕರ್ (ಮೇಲಿನ ಪಾರದರ್ಶಕ ಲೇಪ) ಕೆಳಗೆ ಕಂದು ಚುಕ್ಕೆಗಳಿದ್ದವು, ಚಾವಿಯ ಕಡೆಯಿಂದ ನುಗ್ಗಿದ ತೇವದ ಕೆಲಸ. ಅದನ್ನು ಮುಟ್ಟಲಿಲ್ಲ. ಹಳೇ ಲ್ಯಾಕರ್ ಮೇಲೆ ಒದ್ದೆ ಹತ್ತಿಯಾಡಿಸಿದರೆ ಚುಕ್ಕೆಯ ಜೊತೆ ಅಚ್ಚೂ ಎದ್ದು ಬರುತ್ತದೆ. ಗಾಳಿಯ ಬಲ್ಬಿನಿಂದ ಧೂಳು ಹಾರಿಸಿದ್ದಷ್ಟೇ.

ಗಾಜು ಅಕ್ರಿಲಿಕ್. ಅಸಲಿ ಗಾಜಿನ ನಟ್ಟನಡುವೆ ಒಳಬದಿಗೆ ಸಾಸಿವೆಗಿಂತ ಚಿಕ್ಕ ಒಮೆಗಾ ಚಿಹ್ನೆ ಕೊರೆದಿರುತ್ತದೆ, ಲೂಪ್ ಇಲ್ಲದೆ ಕಾಣುವುದಿಲ್ಲ. ಇತ್ತು. ಚಾವಿಗೆ ಹತ್ತು ಮುಖ ಇರಬೇಕಿತ್ತು. ನಮ್ಮದರಲ್ಲಿ ದುಂಡನೆಯ, ಬೇರೆ ಕಂಪನಿಯ ಚಾವಿ ಕೂತಿತ್ತು. ಹಳೇ ವಾಚುಗಳಲ್ಲಿ ಮೊದಲು ಕಳೆದುಹೋಗುವ ಭಾಗವೇ ಇದು. ಡಯಲ್ಲಿನ ಚುಕ್ಕೆಗಳಿಗೂ ಇದೇ ಕಾರಣ. ಅಳತೆ ಹೊಂದದ ಚಾವಿಯೊಳಗಿನ ರಬ್ಬರು ಕೇಸಿನ ನಳಿಗೆಗೆ ಸರಿಯಾಗಿ ಕೂರುವುದಿಲ್ಲ, ಕರಾವಳಿಯ ಬೆವರು-ಉಪ್ಪಿಗೆ ಅಷ್ಟು ಸಂದು ಸಾಕು.

ಆಮೇಲೆ ಹಿಂಬದಿ. ಕಾನ್‌ಸ್ಟಲೇಷನ್‌ಗಳಲ್ಲಿ ತಿರುಪಿನ ಮುಚ್ಚಳವೂ ಉಂಟು, ಒತ್ತಿ ಕೂರಿಸುವ ಮುಚ್ಚಳವೂ ಉಂಟು. ಯಾವುದೆಂದು ನೋಡದೆ ಚಾಕು ತೂರಿಸಿದವರ ಗೀರುಗಳು ಎಷ್ಟೋ ವಾಚುಗಳ ಅಂಚಿನಲ್ಲಿವೆ. ಬಿಗಿಯಾಗಿದ್ದರೆ ಬಲ ಹಾಕಬೇಡಿ. ಸಂದಿಗೆ ತೆಳು ಎಣ್ಣೆಯ ಒಂದು ಹನಿ, ಒಂದು ರಾತ್ರಿ ಕಾಯುವುದು, ಆಮೇಲೆ ಅಳತೆಗೆ ಸರಿಯಾದ ಉಪಕರಣ. ಹಳೇ ಗ್ಯಾಸ್ಕೆಟ್ ಕರಗಿ ಡಾಂಬರಿನಂತಾಗಿರುತ್ತದೆ, ಮುಚ್ಚಳ ತೆಗೆಯುವಾಗ ಅದು ಮೆಷಿನಿನ ಮೇಲೆ ಎಳೆಯಾಗಿ ಬೀಳದಂತೆ ವಾಚನ್ನು ಮುಚ್ಚಳ ಕೆಳಗಾಗಿ ಹಿಡಿದು ತೆಗೆಯಬೇಕು.

ಮುಚ್ಚಳದ ಒಳಮೈಯಲ್ಲಿ ತ್ರಿಕೋನದೊಳಗೆ ಕಂಪನಿಯ ಮುದ್ರೆ, ಕೇಸಿನ ಸಂಖ್ಯೆ 168.005. ಒಮೆಗಾದ ಈ ಸಂಖ್ಯೆಗಳು ಓದಲು ಬರುವಂಥವು. 168 ಎಂದರೆ ಗಂಡಸರ ಆಟೊಮ್ಯಾಟಿಕ್ (ಕೈಯಾಡಿದಂತೆ ತಾನೇ ಚಾವಿ ಕೊಟ್ಟುಕೊಳ್ಳುವುದು), ಕ್ರೊನೊಮೀಟರ್ ಅಂದರೆ ನಿಖರತೆಯ ಪ್ರಮಾಣಪತ್ರ ಪಡೆದದ್ದು, ತಾರೀಖುಳ್ಳದ್ದು. ತಾರೀಖಿಲ್ಲದ ಜೊತೆಗಾರ 167. ಈ ಆರಂಕಿಯ ಕ್ರಮ ಬಂದದ್ದು ಅರವತ್ತರ ದಶಕದ ಆರಂಭದಲ್ಲಿ, ಅದಕ್ಕೆ ಹಿಂದಿನ ಕೇಸುಗಳಲ್ಲಿ ಚುಕ್ಕೆಯಿಲ್ಲದ ನಾಲ್ಕೈದು ಅಂಕಿ ಇರುತ್ತಿತ್ತು. ಅಲ್ಲಿಗೇ 1959ರ ಮಾತು ಅಲ್ಲಾಡಿತು.

ಮೆಷಿನಿನ ಮಾದರಿ, ಅಂದರೆ ಕ್ಯಾಲಿಬರ್, 561, ತಾಮ್ರದ ಬಣ್ಣ, 24 ಜ್ಯುವೆಲ್, ಐದು ಸ್ಥಾನ ಮತ್ತು ಉಷ್ಣತೆಗೆ ಹೊಂದಿಸಿದ್ದು ಎಂಬ ಕೆತ್ತನೆ. ಎಂಟಂಕಿಯ ಕ್ರಮಸಂಖ್ಯೆ ಎರಡು ಕೋಟಿಯಿಂದ ಶುರು. ಸಂಗ್ರಾಹಕರು ಬಳಸುವ ಪಟ್ಟಿಯಲ್ಲಿ 1.6 ಕೋಟಿ ಸುಮಾರು 1958, 2 ಕೋಟಿ ಸುಮಾರು 1963, 2.2 ಕೋಟಿ ಸುಮಾರು 1965. ಒಂದೆರಡು ವರ್ಷ ಆಚೀಚೆ ಆಗಬಹುದು, ನಾಲ್ಕು ವರ್ಷ ಆಗುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆ: ಈ ಸಂಖ್ಯೆ ಇರುವುದು ಮೆಷಿನಿನ ಮೇಲೆ, ಕೇಸಿನ ಮೇಲಲ್ಲ. ಬೇರೆ ವಾಚಿನ ಮೆಷಿನ್ ತಂದು ಕೂರಿಸಿದ್ದರೆ ಅದು ಮೆಷಿನಿನ ವಯಸ್ಸನ್ನಷ್ಟೇ ಹೇಳುತ್ತದೆ. ಆದ್ದರಿಂದ ಕೇಸು, ಮೆಷಿನ್, ಡಯಲ್ ಮೂರೂ ಒಂದೇ ಕಾಲದ ಕಥೆ ಹೇಳಬೇಕು. 168.005 ಕೇಸಿನಲ್ಲಿ ಮೊದಲು 561 ಬಂತು, ದಶಕದ ಎರಡನೇ ಅರ್ಧದಲ್ಲಿ 564. ನಮ್ಮದು ಹೊಂದಿತು. ಹೊಂದದ ವಾಚುಗಳು ದೊಡ್ಡ ದೊಡ್ಡವರನ್ನೇ ಬೀಳಿಸಿವೆ. 2021ರ ನವೆಂಬರಿನಲ್ಲಿ ಜಿನೀವಾದ ಹರಾಜಿನಲ್ಲಿ 30 ಲಕ್ಷ ಸ್ವಿಸ್ ಫ್ರಾಂಕ್ ದಾಟಿದ, ಒಮೆಗಾದ್ದೇ ಸ್ಪೀಡ್‌ಮಾಸ್ಟರ್ ವಾಚೊಂದು ಬೇರೆ ಬೇರೆ ಕಡೆಯ ಭಾಗಗಳನ್ನು ಕೂಡಿಸಿದ್ದೆಂದು 2023ರಲ್ಲಿ ಹೊರಬಿತ್ತು. ಅದನ್ನು ಕೊಂಡದ್ದು ಸ್ವತಃ ಒಮೆಗಾ ಕಂಪನಿ.

ಬ್ಯಾಲೆನ್ಸ್ ಚಕ್ರವನ್ನು (ಆಚೀಚೆ ತೂಗಿ ಸಮಯ ಹಿಡಿಯುವುದು) ಹಿಡಿದಿರುವ ಸೇತುವೆಯ ಮೇಲೆ ಓ-ಎಕ್ಸ್-ಜಿ ಎಂಬ ಮೂರಕ್ಷರ ಇದೆಯೇ ಎಂದೂ ನೋಡಿ. ಅಮೆರಿಕಕ್ಕೆ ಆಮದಾದ ಒಮೆಗಾಗಳ ಗುರುತು ಅದು. “ಅಮೆರಿಕದ ಮಾವ ಕಳಿಸಿದ್ದು” ಎಂಬ ಮಾತಿನ ಪರೀಕ್ಷೆ ಇಲ್ಲೇ ಆಗುತ್ತದೆ. ನಮ್ಮದರಲ್ಲಿ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ.

ಎಲ್ಲಕ್ಕಿಂತ ಬೆಲೆಬಾಳುವ ಗುರುತು ಕಂಪನಿಯದಲ್ಲ, ರಿಪೇರಿಯವರದು. ಹಿಂದೆ ಸರ್ವೀಸ್ ಮಾಡಿದವರು ಮುಚ್ಚಳದ ಒಳಮೈಯಲ್ಲಿ ಸೂಜಿಮೊನೆಯಿಂದ ತಮ್ಮ ಗುರುತು, ತಿಂಗಳು, ವರ್ಷ ಗೀರಿಡುತ್ತಿದ್ದರು. ಗಿರಾಕಿ ಮತ್ತೆ ಬಂದು ಜಗಳ ತೆಗೆದರೆ ನೋಡಲು ಇರಲಿ ಎಂದು. ನಮ್ಮ ಮುಚ್ಚಳದಲ್ಲಿ ಅಂಥವು ಎರಡು. ಒಂದು ‘3/84’. ಇನ್ನೊಂದು, ಅಂಚಿನ ಹತ್ತಿರ, ಲೂಪ್ ಓರೆ ಮಾಡಿದರೆ ಮಾತ್ರ ಕಾಣುವಷ್ಟು ತೆಳುವಾಗಿ, ‘ಶ 9-71’. ಕನ್ನಡದ ಶ. ಅಂದರೆ 1971ರ ಸೆಪ್ಟೆಂಬರ್ ಹೊತ್ತಿಗೆ ಈ ವಾಚು ಊರಿಗೆ ಬಂದು, ಇಲ್ಲಿನ ಬೆಂಚಿನ ಮೇಲೆ ತೆರೆದುಕೊಂಡಿತ್ತು. ಒಳಮೈಗೂ ಪಾಲಿಶ್ ಹಾಕುವ ಉತ್ಸಾಹಿಗಳಿದ್ದಾರೆ. ಅವರಿಂದ ಇದು ತಪ್ಪಿಸಿಕೊಂಡಿತ್ತು.

ಇಷ್ಟಾದ ಮೇಲೆ ಮನೆಯವರ ಹತ್ತಿರ ಮದುವೆಯ ಫೋಟೊ ಕೇಳಿದ್ದು. ಮೊಬೈಲಿನಲ್ಲಿ ತೆಗೆದ ನಕಲು ಬೇಡ, ಮೂಲ ಪ್ರತಿಯನ್ನು 1200 ಡಿಪಿಐಗೆ ಸ್ಕ್ಯಾನ್ ಮಾಡಬೇಕು. ಸ್ಟುಡಿಯೊ ಚಿತ್ರಗಳಲ್ಲಿ ವಾಚು ಕಾಣಲೆಂದೇ ತೋಳು ಸ್ವಲ್ಪ ಮೇಲೆ ಸರಿಸಿ ಕೂರಿಸುತ್ತಿದ್ದರು, ನಮಗೆ ಅದು ವರ. ವಾಚು ಬಲಗೈಯಲ್ಲಿ ಕಂಡರೆ ಅಂಗಿಯ ಗುಂಡಿಯ ಪಟ್ಟಿಯನ್ನೂ ನೋಡಿ. ಅದೂ ತಿರುಗುಮುರುಗಾಗಿದ್ದರೆ ನೆಗೆಟಿವ್ ಮಗುಚಿ ಅಚ್ಚಾಗಿದೆ. 1959ರ ಚಿತ್ರದಲ್ಲಿ ಅಜ್ಜನ ಕೈಯಲ್ಲಿ ವಾಚಿತ್ತು. ಆದರೆ ಆರು ಗಂಟೆಯ ಜಾಗದಲ್ಲಿ ಸೆಕೆಂಡಿನ ಪುಟ್ಟ ಸುತ್ತು ಕಾಣುತ್ತದೆ, ತಾರೀಖಿನ ಕಿಟಕಿ ಇಲ್ಲ. ಕಾನ್‌ಸ್ಟಲೇಷನ್‌ನಲ್ಲಿ ಸೆಕೆಂಡಿನ ಮುಳ್ಳು ನಡುವಿನಿಂದ ಹೊರಡುತ್ತದೆ. ಅದು ಬೇರೆ ವಾಚು. ಅರವತ್ತರ ದಶಕದ ಕೊನೆಯ ಇನ್ನೊಂದು ಚಿತ್ರದಲ್ಲಿ ಮಡಚಿದ ತೋಳಿನ ಕೆಳಗೆ ಮುರಿದಿಳಿಯುವ ಲಗ್‌ಗಳು, ಮೂರರ ಜಾಗದಲ್ಲಿ ಬಿಳಿ ಚೌಕ. ಅದು ಇದೇ ಮಾದರಿ.

ಏಡನ್ ಮಾತು ಸುಳ್ಳಾಗಬೇಕಿಲ್ಲ. ಅದು 1967ರ ನವೆಂಬರ್ ತನಕ ಬ್ರಿಟಿಷರ ಕೈಯಲ್ಲಿದ್ದ ಸುಂಕಮುಕ್ತ ಬಂದರು, ಸ್ವಿಸ್ ವಾಚು ಅಗ್ಗಕ್ಕೆ ಸಿಗುತ್ತಿದ್ದ ಊರು. ಇಲ್ಲಿ ಎಚ್‌ಎಂಟಿ ಸಿಟಿಜನ್ ಜೊತೆಗೂಡಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರುಮಾಡಿದ್ದೇ ಅರವತ್ತರ ದಶಕದ ಆರಂಭದಲ್ಲಿ, ಆಮದಿಗೆ ಬಿಗಿ ನಿರ್ಬಂಧವಿದ್ದ ಕಾಲ. ಅಜ್ಜನ ಪಾಸ್‌ಪೋರ್ಟಿನಲ್ಲಿ 1967ಕ್ಕೆ ಮುಂಚಿನ ಏಡನ್ ಮುದ್ರೆಗಳಿವೆ. ಹಾಗಾಗಿ ನಾವು ಬರೆದುಕೊಟ್ಟದ್ದು ಇಷ್ಟು: ತಯಾರಿ ಸುಮಾರು 1963, ಏಡನ್‌ನಲ್ಲಿ ಕೊಂಡದ್ದು ಸಾಧ್ಯ, ಮದುವೆಯ ವಾಚು ಇದಲ್ಲ. ಎರಡು ವಾಚು ಬಾಯಿಂದ ಬಾಯಿಗೆ ಹೋಗುತ್ತ ಒಂದಾಗಿವೆ. ಕಂಪನಿಯ ಹಳೇ ಕಡತದ ಉತಾರ ಸಿಕ್ಕರೆ ತಯಾರಾದ ದಿನಾಂಕ ಮತ್ತು ಮೊದಲು ರವಾನೆಯಾದ ದೇಶ ತಿಳಿಯುತ್ತದೆ. ಯಾರು ಕೊಂಡರು ಎಂಬುದು ಅದರಲ್ಲಿ ಇರುವುದಿಲ್ಲ, ಅದಕ್ಕೆ ಮನೆಯ ಕಾಗದಗಳೇ ಗತಿ.

ಇನ್ನು ಸರ್ವೀಸ್. ಬಡಿತ ಕೇಳಿ ಓಟ ಅಳೆಯುವ ಟೈಮ್‌ಗ್ರಾಫರ್ ಯಂತ್ರದಲ್ಲಿ ಗಂಟೆಗೆ 19,800 ಬಡಿತ, ಲಿಫ್ಟ್ ಆಂಗಲ್ (ಪ್ರತಿ ಬಡಿತಕ್ಕೆ ಬ್ಯಾಲೆನ್ಸ್‌ಗೆ ತಳ್ಳು ಸಿಗುವ ಕೋನ) 49 ಡಿಗ್ರಿ ಕೊಡಬೇಕು. ಯಂತ್ರದಲ್ಲಿ ಮೊದಲೇ ಇರುವ 52 ಹಾಗೇ ಬಿಟ್ಟರೆ ಆಂಪ್ಲಿಟ್ಯೂಡ್ (ಬ್ಯಾಲೆನ್ಸ್ ಎಷ್ಟು ದೂರ ತೂಗುತ್ತದೆ ಎಂಬ ಅಳತೆ) ಇರುವುದಕ್ಕಿಂತ ಹೆಚ್ಚು ತೋರಿಸಿ ಮೋಸ ಮಾಡುತ್ತದೆ. ಪರೀಕ್ಷೆಗೆ ಬೇಕಾದಷ್ಟೇ ಚಾವಿ ಕೊಟ್ಟಾಗ ಡಯಲ್ ಮೇಲಾಗಿ 195 ಡಿಗ್ರಿ, ನೆಟ್ಟಗೆ ನಿಲ್ಲಿಸಿ ಹಿಡಿದಾಗ 160. ಒಣಗಿದ ಎಣ್ಣೆಯ ಲಕ್ಷಣ. ನಿಮಿಷಗಟ್ಟಲೆ ಮುಂದೆ ಓಡುತ್ತಿದ್ದರೆ ಮೊದಲು ಕಾಂತತೆ ತೆಗೆಯಿರಿ. ಮೊಬೈಲಿನ ಸ್ಪೀಕರ್, ಟ್ಯಾಬ್ಲೆಟ್ ಕವರಿನ ಆಯಸ್ಕಾಂತ ಸಾಕು, ಬ್ಯಾಲೆನ್ಸನ್ನು ತೂಗಿಸುವ ಹೇರ್‌ಸ್ಪ್ರಿಂಗ್‌ನ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಬಿಚ್ಚುವಾಗ ರೋಟರ್ (ಕೈಯಾಡಿದಾಗ ತಿರುಗಿ ಚಾವಿ ಕೊಡುವ ತೂಕ) ತೆಗೆದು, ಹಿಂದಕ್ಕೆ ಬಿಚ್ಚದಂತೆ ತಡೆಯುವ ಕ್ಲಿಕ್ ಹಿಡಿದು, ವಾಚಿಗೆ ಬಲ ಕೊಡುವ ಮೇನ್‌ಸ್ಪ್ರಿಂಗ್‌ನ ಬಿಗಿ ಪೂರ್ತಿ ಇಳಿಸಬೇಕು. ಬಿಗಿ ಇರುವಾಗಲೇ ಪ್ಯಾಲೆಟ್ (ಚಕ್ರಗಳನ್ನು ಹಲ್ಲುಹಲ್ಲಾಗಿ ಬಿಡುವ ಕವೆ) ಸೇತುವೆ ಸಡಿಲಿಸಿದರೆ ಚಕ್ರಗಳೆಲ್ಲ ಒಮ್ಮೆಲೇ ಬಿಚ್ಚಿಕೊಂಡು ಓಡಿ ಪಿವಟ್ ಮುರಿಯುತ್ತದೆ. ಸ್ಟೆಮ್ (ಚಾವಿಯ ಕಡ್ಡಿ) ಬಿಡಿಸುವ ಸ್ಕ್ರೂವನ್ನು ಒಂದೆರಡು ಸುತ್ತು ಮಾತ್ರ ಸಡಿಲಿಸಿ. ಪೂರ್ತಿ ತೆಗೆದರೆ ಲೀವರ್ ಡಯಲ್ಲಿನ ಕೆಳಗೆ ಕಳಚಿ ಬಿದ್ದು ಕೆಲಸ ಎರಡಾಗುತ್ತದೆ.

ತೊಳೆಯುವುದರಲ್ಲಿ ನಮ್ಮ ಹಳೇ ಪದ್ಧತಿ ಪೆಟ್ರೋಲ್. ಮೇಲ್ನೋಟಕ್ಕೆ ಶುದ್ಧವಾಗುತ್ತದೆ, ಆದರೆ ತೆಳು ಪೊರೆ ಉಳಿದು ಹೊಸ ಎಣ್ಣೆಯನ್ನು ಕಲ್ಲಿನಿಂದ ಆಚೆಗೆ ಎಳೆಯುತ್ತದೆ. ವಾಚಿಗೆಂದೇ ಬರುವ ಅಮೋನಿಯಾ ದ್ರಾವಣ, ಎರಡು ಬಾರಿ ರಿನ್ಸ್, ಬಿಸಿಗಾಳಿ ಸರಿಯಾದ ದಾರಿ. ಪ್ಯಾಲೆಟ್‌ನ ಎರಡು ಕಲ್ಲುಗಳನ್ನು ಹಿಡಿದಿರುವುದು ಅರಗು. ಆಲ್ಕೋಹಾಲ್‌ನಲ್ಲಿ ನೆನೆಹಾಕಿದರೆ ಅದು ಕರಗಿ ಕಲ್ಲು ಕೂದಲೆಳೆಯಷ್ಟು ಸರಿಯುತ್ತದೆ, ಆಮೇಲೆ ಏನು ಮಾಡಿದರೂ ಸಮಯ ನಿಲ್ಲುವುದಿಲ್ಲ. ಅದಕ್ಕೆ ಒಂದು ಅದ್ದು, ಕೂಡಲೇ ಒಣಗಿಸುವುದು.

ಎಣ್ಣೆ ಒಂದೇ ಸೀಸೆಯಿಂದ ಎಲ್ಲೆಡೆಗೆ ಹೋಗಬಾರದು. ಬ್ಯಾಲೆನ್ಸ್ ಮತ್ತು ವೇಗದ ಪಿವಟ್‌ಗಳಿಗೆ ಮೋಬಿಯಸ್ ಕಂಪನಿಯ 9010, ಪ್ಯಾಲೆಟ್ ಕಲ್ಲಿನ ಮುಖಕ್ಕೆ 9415, ನಿಧಾನದ ದೊಡ್ಡ ಚಕ್ರಗಳಿಗೆ ಎಚ್‌ಪಿ 1300, ಚಾವಿಯ ಕಡೆ ಲೋಹ ಲೋಹ ಉಜ್ಜುವಲ್ಲಿ ಗ್ರೀಸ್. ಪ್ಯಾಲೆಟ್‌ನ ಪಿವಟ್ ಒಣಗಿಯೇ ಇರಲಿ, ಹೇರ್‌ಸ್ಪ್ರಿಂಗ್‌ಗೆ ಎಣ್ಣೆಯ ಗಾಳಿಯೂ ಸೋಕಬಾರದು. ಆಟೊಮ್ಯಾಟಿಕ್‌ನಲ್ಲಿ ಎಡವುವ ಜಾಗ ಬ್ಯಾರೆಲ್‌ನ, ಅಂದರೆ ಮೇನ್‌ಸ್ಪ್ರಿಂಗ್ ಸುತ್ತಿಕೊಂಡಿರುವ ಡಬ್ಬಿಯ ಒಳಗೋಡೆ. ಸ್ಪ್ರಿಂಗ್ ತುಂಬಿದ ಮೇಲೆ ಅದರ ಬಾಲ ಆ ಗೋಡೆಗೆ ಉಜ್ಜಿ ಜಾರಬೇಕು. ಅದಕ್ಕೆ 8217ರಂಥ ಬ್ರೇಕಿಂಗ್ ಗ್ರೀಸ್ ಬೇಕು. ಸಾಮಾನ್ಯ ಎಣ್ಣೆ ಹಾಕಿದರೆ ಬೇಗ ಜಾರಿ 50 ಗಂಟೆ ಓಡಬೇಕಾದ ವಾಚು ಬೆಳಗಾಗುವಷ್ಟರಲ್ಲಿ ನಿಲ್ಲುತ್ತದೆ. ಜಾರದೇ ಹಿಡಿದುಕೊಂಡರೆ ಬ್ಯಾಲೆನ್ಸ್ ಮಿತಿಮೀರಿ ತಿರುಗಿ ಹಿಂಬದಿಯಿಂದ ಬಡಿಯುತ್ತದೆ, ವಾಚು ಗಂಟೆಗೆ ನಿಮಿಷಗಟ್ಟಲೆ ಮುಂದೋಡುತ್ತದೆ.

ಈ ಸರಣಿಯ ಹುಟ್ಟುದೋಷ ರೋಟರ್‌ನ ಅಚ್ಚು. ಅದರ ಬುಶ್ ಸವೆದು ರೋಟರ್ ವಾಲಿ ಮುಚ್ಚಳಕ್ಕೆ ಉಜ್ಜುತ್ತದೆ, ಒಳಮೈಯಲ್ಲಿ ಅರ್ಧಚಂದ್ರದ ಗೀರು ಬೀಳುತ್ತದೆ. ನಮ್ಮ ವಾಚಿನಲ್ಲಿ ಆ ಗೀರು ‘3/84’ರ ಮೇಲೆಯೇ ಹಾದುಹೋಗಿತ್ತು. ಅಂದರೆ ಆ ಸರ್ವೀಸ್ ಆದ ಮೇಲೂ ಬಹುಕಾಲ ಕೈಯಲ್ಲಿತ್ತು. ಬುಶ್ ಬದಲಾಯಿಸಿದೆವು, ಮೇನ್‌ಸ್ಪ್ರಿಂಗ್ ಹೊಸದು, ಗ್ಯಾಸ್ಕೆಟ್ ಹೊಸದು, ಹತ್ತು ಮುಖದ ಸರಿಯಾದ ಚಾವಿ ಹುಡುಕಿ ಹಾಕಿದೆವು. ಕೊನೆಗೆ ಡಯಲ್ ಮೇಲಾಗಿ 285, ನಿಲ್ಲಿಸಿದಾಗ 250 ಡಿಗ್ರಿ, ಬೀಟ್ ಎರರ್ (ಟಿಕ್‌ಗೂ ಟಾಕ್‌ಗೂ ಇರುವ ವ್ಯತ್ಯಾಸ) 0.6 ಮಿಲಿಸೆಕೆಂಡ್. ಓಟ ಹೊಂದಿಸುವ ಹಂಸದ ಕತ್ತಿನಾಕಾರದ ಸ್ಕ್ರೂನಿಂದ ದಿನಕ್ಕೆ 5 ಸೆಕೆಂಡ್ ಮುಂದೆ ಇರುವಂತೆ ಬಿಟ್ಟೆವು. ಎಲ್ಲ ಸ್ಥಾನಗಳಲ್ಲೂ ಇಂದಿನ ಕ್ರೊನೊಮೀಟರ್ ಮಿತಿಯಾದ ದಿನಕ್ಕೆ –4/+6 ಸೆಕೆಂಡಿಗೆ ತರಲು ಹೊರಟರೆ ಹೇರ್‌ಸ್ಪ್ರಿಂಗ್‌ಗೆ ಕೈಹಾಕಬೇಕು. ಅದರ ಅಪಾಯಕ್ಕೆ ಉಳಿದ ಒಂದೆರಡು ಸೆಕೆಂಡಿನ ಬೆಲೆ ಇಲ್ಲ.

ಗಾಜಿಗೆ ಅಕ್ರಿಲಿಕ್ ಪಾಲಿಶ್ ಮಾತ್ರ. ಕೇಸನ್ನು ಸಾಬೂನು ನೀರಿನಲ್ಲಿ, ಅದೂ ಮೆಷಿನ್ ಹೊರತೆಗೆದ ಮೇಲೆ, ಮೆತ್ತನೆ ಬ್ರಶ್ಶಿನಿಂದ ತೊಳೆದದ್ದಷ್ಟೇ. ತೆಗೆದ ಸ್ಪ್ರಿಂಗ್, ಬುಶ್, ದುಂಡು ಚಾವಿ ಚಿಕ್ಕ ಕವರಿನಲ್ಲಿ ಹೆಸರು ಬರೆದು ವಾಚಿನ ಜೊತೆ ಹೋದವು, ಫೋಟೊಗಳ ಪ್ರತಿಯೂ. ನಮ್ಮ ಗುರುತನ್ನು ಮುಚ್ಚಳದಲ್ಲಿ ಗೀರಲಿಲ್ಲ, ಕಾಗದದಲ್ಲಿ ಬರೆದುಕೊಟ್ಟೆವು.

ಕಟ್ಟಿಕೊಳ್ಳುವವರಿಗೆ ಹೇಳಿದ್ದು ನಾಲ್ಕು ಮಾತು. ನಿಂತಿದ್ದರೆ ಅಲ್ಲಾಡಿಸದೆ ಚಾವಿಯಿಂದ ಇಪ್ಪತ್ತು-ಇಪ್ಪತ್ತೈದು ಸುತ್ತು ಕೊಡಿ. ತಾರೀಖು ಬದಲಿಸಲು 561ರಲ್ಲಿ ಬೇರೆ ಗುಂಡಿ ಇಲ್ಲ, ಹನ್ನೆರಡು ದಾಟಿಸಿ, ಮುಳ್ಳನ್ನು ರಾತ್ರಿ ಎಂಟರ ತನಕ ಹಿಂದೆ ತಂದು ಮತ್ತೆ ದಾಟಿಸಿ. ಹೊಸ ಗ್ಯಾಸ್ಕೆಟ್ ಇದ್ದರೂ ಕೈ ತೊಳೆಯುವಾಗ ಬಿಚ್ಚಿಡಿ, ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಲಗ್ ನಡುವೆ 18 ಮಿಲಿಮೀಟರ್ ಇದೆ, ಅಷ್ಟೇ ಅಗಲದ ಚರ್ಮದ ಪಟ್ಟಿ ಹಾಕಿ. ಲೋಹದ ಸರಪಳಿ ಲಗ್‌ನ ಒಳಮೈಯನ್ನು ಅರೆಯುತ್ತದೆ. ಮದುವೆ ಚಿತ್ರದಲ್ಲಿರುವ ಇನ್ನೊಂದು ವಾಚು ಎಲ್ಲಿ ಹೋಯಿತೆಂದು ಮನೆಯವರು ಈಗ ಕಪಾಟು ತಡಕಾಡುತ್ತಿದ್ದಾರೆ. ಸಿಕ್ಕರೆ ಚಾವಿ ಕೊಡಬೇಡಿ ಎಂದಿದ್ದೇವೆ.